ಊರು ಯಾವುದು?

ದೊಡ್ಡವರ ವಿಷಯ ಬಂದರೆ ಸಾಮಾನ್ಯ ಜ್ಞಾನದ ಪುಸ್ತಕಗಳು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ಎಲ್ಲಿ ಹುಟ್ಟಿದರು? ಮನುಷ್ಯ ತನ್ನ ಇಚ್ಛೆಯಿಂದ ಮಾಡದ ಕೆಲಸವೊಂದಿದ್ದರೆ ಅದು ಹುಟ್ಟುವುದು. ಆದರೂ ಊರುಗಳಿಗೆ ಕೀರ್ತಿ ಹಂಚುವಾಗ ನಾವು ನೋಡುವುದು ಅದನ್ನೇ.

ಈ ಲೆಕ್ಕದಲ್ಲಿ ನಾನು ಮನೆ ಮಾಡಿಕೊಂಡಿರುವ ದೇವನಹಳ್ಳಿ ಪುಣ್ಯವಂತ ಊರು. ಟಿಪ್ಪು ಸುಲ್ತಾನ್ 1750ರಲ್ಲಿ ಹುಟ್ಟಿದ್ದು ಇಲ್ಲಿ. ಕೋಟೆಯ ಸಮೀಪ ಅದರ ಗುರುತಿಗೆ ಕಂಬಗಳ ಪುಟ್ಟ ಕಟ್ಟಡವೂ ಇದೆ. ಪರೀಕ್ಷೆಗೆ ಓದುತ್ತಿದ್ದ ತಂಗಿಯ ಮಗನನ್ನು ಕೇಳಿದೆ. ಪುಸ್ತಕದಿಂದ ತಲೆಯೆತ್ತದೆ "ದೇವನಹಳ್ಳಿ" ಎಂದ.

"ಅವನ ಅಪ್ಪ ಹೈದರಾಲಿ ಇಲ್ಲಿಗೆ ಯಾಕೆ ಬಂದಿದ್ದನಪ್ಪ?"

"ಅದನ್ನೆಲ್ಲ ಕೇಳೋದಿಲ್ಲ ಮಾಮ" ಎಂದ.

ಕೇಳದಿರುವುದೇ ಸ್ವಾರಸ್ಯದ ಭಾಗ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಕೋಟೆ ಇದು. 1749ರಲ್ಲಿ ಮೈಸೂರಿನ ಸೈನ್ಯ ಇದನ್ನು ಮುತ್ತಿತು. ಹೈದರ್ ಆಗ ಅರಸನೂ ಅಲ್ಲ, ಸೇನಾಧಿಪತಿಯೂ ಅಲ್ಲ. ಆ ಮುತ್ತಿಗೆಯಲ್ಲಿ ತೋರಿದ ಸಾಹಸದಿಂದಲೇ ಅವನು ನಂಜರಾಜಯ್ಯನ ಕಣ್ಣಿಗೆ ಬಿದ್ದದ್ದು. ಮಗನಿಗೆ ತೊಟ್ಟಿಲು ಕಟ್ಟುವ ಮೊದಲೇ ಈ ಊರು ತಂದೆಯನ್ನು ಮೇಲೆತ್ತಿತ್ತು. ಟಿಪ್ಪು ಆಳಿದ್ದು, 1799ರಲ್ಲಿ ಹೋರಾಡಿ ಮಡಿದದ್ದು ಶ್ರೀರಂಗಪಟ್ಟಣದಲ್ಲಿ.

ಇನ್ನು ನೆಲಮಂಗಲದ ಕಡೆ ಬನ್ನಿ. ಚಿತ್ರನಟಿ ಲೀಲಾವತಿಯವರ ಹುಟ್ಟೂರು ಯಾವುದೆಂದರೆ ಪುಸ್ತಕ ಬೆಳ್ತಂಗಡಿ ಎನ್ನುತ್ತದೆ. ಸರಿಯೇ. ಆದರೆ ನೂರಾರು ಚಿತ್ರಗಳಲ್ಲಿ ನಟಿಸಿದ ಆಕೆ, ಸ್ಟುಡಿಯೋಗಳ ಗದ್ದಲ ಬಿಟ್ಟು ಮಗ ವಿನೋದ್ ರಾಜ್ ಅವರೊಡನೆ ನೆಲೆಸಿದ್ದು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ. ಅಲ್ಲಿ ತೋಟ ಮಾಡಿದರು. ಹಳ್ಳಿಯವರಿಗೆಂದು ಸ್ವಂತ ಹಣದಲ್ಲಿ ಆಸ್ಪತ್ರೆ ಕಟ್ಟಿಸಿದರು. ದನಕರುಗಳಿಗೂ ಒಂದನ್ನು ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ತೀರಿಕೊಂಡ ಮೇಲೆ ಮಣ್ಣಾದದ್ದೂ ಆ ತೋಟದಲ್ಲೇ. ಜ್ವರದ ಮಗುವನ್ನೆತ್ತಿಕೊಂಡು ಆ ಆಸ್ಪತ್ರೆಯ ಮೆಟ್ಟಿಲು ಹತ್ತುವ ತಾಯಿಗೆ ಬೆಳ್ತಂಗಡಿ ಯಾವ ದಿಕ್ಕಿಗಿದೆಯೆಂದು ತಿಳಿಯಬೇಕಾಗಿಲ್ಲ. ಅವಳ ಮಟ್ಟಿಗೆ ಲೀಲಾವತಮ್ಮ ತನ್ನೂರಿನವರೇ.

ಇದು ಬರಿಯ ಪುಸ್ತಕದ ಮಾತಲ್ಲ. ಬೆಂಗಳೂರು ಬೆಳೆಯುತ್ತ ಬಂದು ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳನ್ನು ಮುಟ್ಟಿದೆ. ಹೊಸ ಬಡಾವಣೆಗಳಲ್ಲಿ ಎಲ್ಲೆಲ್ಲಿಂದಲೋ ಬಂದವರು ಮನೆ ಕಟ್ಟಿದ್ದಾರೆ. ಇಪ್ಪತ್ತು ವರ್ಷ ಇಲ್ಲಿಯ ನೀರು ಕುಡಿದವರೂ "ನಮ್ಮ ಸ್ವಂತ ಊರು ಬೇರೆ" ಎನ್ನುತ್ತಾರೆ. ಕೆರೆಗೆ ಕಸ ಬಿದ್ದರೆ ಅದು ಊರಿನವರ ಕೆರೆ. ಶಾಲೆಯ ಹೆಂಚು ಒಡೆದರೆ ಅದು ಊರಿನವರ ಶಾಲೆ. ಎಲ್ಲರೂ ತಮ್ಮ ಹುಟ್ಟೂರಿನವರೇ ಆದರೆ, ಕಾಲೂರಿದ ಊರಿಗೆ ದಿಕ್ಕು ಯಾರು?

ನಾನು ಹುಟ್ಟಿದ್ದು ತುಮಕೂರಿನ ಕಡೆ. ಅಲ್ಲಿಯ ನೆನಪು ಅಳಿಸಿಲ್ಲ, ಅಳಿಸುವುದೂ ಬೇಡ. ಆದರೆ ಬಸ್ಸಿನಲ್ಲಿ ಪಕ್ಕದವರು "ತಮ್ಮ ಊರು ಯಾವುದು ಸ್ವಾಮಿ?" ಎಂದರೆ ದೇವನಹಳ್ಳಿ ಎನ್ನುತ್ತೇನೆ. ಹಾಗೆ ಹೇಳುವುದು ಸುಲಭ. ಆ ಮಾತಿನ ಸಾಲ ತೀರಿಸುವುದು ಇನ್ನೂ ಬಾಕಿ ಇದೆ.