ಕೊಂದವನ ಹೆಸರು ಗೊತ್ತು, ಸತ್ತವಳದು?

ಪತ್ತೇದಾರಿ ಕಾದಂಬರಿ ಓದುವ ಹೆಂಗಸರೆಂದರೆ ಮನೆಯವರಿಗೆ ಇಂದಿಗೂ ತಮಾಷೆ. ದೇವರನಾಮದ ಪುಸ್ತಕ ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಸಾಂಸಾರಿಕ ಕಾದಂಬರಿ ಹಿಡಿದರೆ "ಅಳೋದಕ್ಕೂ ದುಡ್ಡು ಕೊಡಬೇಕೇನೇ?" ಎಂಬ ಒಂದು ಮಾತಿಗೆ ಮುಗಿಯುತ್ತದೆ. ಅದೇ ರಟ್ಟಿನ ಮೇಲೆ ರಕ್ತ ಸುರಿಯುವ ಚಾಕುವಿನ ಚಿತ್ರವಿದ್ದರಂತೂ, "ಇವತ್ತಿನ ಸಾರು ಮೊದಲು ನೀನೇ ರುಚಿ ನೋಡಿಬಿಡು" ಎಂದು ಯಜಮಾನರು ತಟ್ಟೆ ದೂರ ಸರಿಸುತ್ತಾರೆ. ನಿಮ್ಮ ಮನೆಯಲ್ಲೂ ಇದೇ ಕಥೆ ಇದ್ದೀತು, ಅಲ್ಲವೇ?

ನಗುವವರು ನಗಲಿ ಬಿಡಿ. ಆದರೆ ಕೊಲೆಯ ಕಥೆಯನ್ನು ನಾವು ಯಾಕೆ ಇಷ್ಟು ಆಸೆಪಟ್ಟು ಓದುತ್ತೇವೆ, ಯಾವುದನ್ನು ಓದಿದ ಮೇಲೆ ಹಾಯೆನಿಸುತ್ತದೆ, ಯಾವುದು ಮನಸ್ಸಿಗೆ ಕಸಿವಿಸಿ ಮಾಡುತ್ತದೆ ಎಂಬುದನ್ನು ಒಮ್ಮೆ ಕೂತು ಯೋಚಿಸಬೇಕು. ನಮ್ಮ ಬಡಾವಣೆಯ ಎಂಟು ಹತ್ತು ಮಂದಿ ಹೆಂಗಸರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಓದಿದ ಪುಸ್ತಕದ ಬಗ್ಗೆ ಮಾತಾಡುವ ರೂಢಿ ಇಟ್ಟುಕೊಂಡಿದ್ದೇವೆ. ಕಾಫಿ, ಕೋಡುಬಳೆ, ಜೊತೆಗೆ ಒಂದೆರಡು ಕೊಲೆ! ಅಲ್ಲಿ ಎರಡು ಪಕ್ಷಗಳಿವೆ. ಒಂದು ಕಟ್ಟುಕಥೆಯ ಪಕ್ಷ, ಇನ್ನೊಂದು ನಿಜಕಥೆಯ ಪಕ್ಷ.

ಕಟ್ಟುಕಥೆಯ ಪಕ್ಷದ ಮುಂದಾಳು ಒಬ್ಬ ನಿವೃತ್ತ ಶಿಕ್ಷಕಿ. ಅವರ ವಾದ ಸರಳ. "ಕಾದಂಬರಿಯಲ್ಲಿ ಸತ್ತವರು ಕಾಗದದ ಮೇಲೆ ಸತ್ತವರು ಕಣ್ರೀ. ಪುಸ್ತಕ ಮುಚ್ಚಿದರೆ ಯಾರ ಮನೆಯಲ್ಲೂ ಸೂತಕವಿಲ್ಲ." ಚಿಕ್ಕಂದಿನಲ್ಲಿ ಅವರು ಓದಿದ್ದು ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು. ಪತ್ತೇದಾರ ಪುರುಷೋತ್ತಮನನ್ನು ಕನ್ನಡಿಗರ ಮನೆಮನೆಗೆ ತಂದ ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದವರು. ಪಂಡಿತರು ಮೂಗು ಮುರಿದಿರಬಹುದು. ಆದರೆ ಅವರ ಪುಸ್ತಕಗಳ ರುಚಿಗೇ ಅಕ್ಷರ ಕೂಡಿಸಿ ಓದುವುದನ್ನು ರೂಢಿ ಮಾಡಿಕೊಂಡ ಹೆಂಗಸರನ್ನು ನಾನೇ ಕಂಡಿದ್ದೇನೆ. ಸೆರಗಿನಲ್ಲಿ ಬಚ್ಚಿಟ್ಟು ತಂದ ಆ ಪುಸ್ತಕಗಳು ಮಾಡಿದ ಉಪಕಾರ ಸಣ್ಣದಲ್ಲ.

ಇಂಗ್ಲೆಂಡಿನ ಅಗಾಥಾ ಕ್ರಿಸ್ಟಿಯ ಹೆಸರು ನಿಮಗೆ ಗೊತ್ತೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆಕೆ ತನ್ನೂರು ಟಾರ್ಕಿಯ ಆಸ್ಪತ್ರೆಯಲ್ಲಿ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದಳು. ಯಾವ ವಿಷ ಎಷ್ಟಾದರೆ ಏನಾಗುತ್ತದೆ ಎಂಬುದು ಅಲ್ಲಿ ಕಲಿತ ವಿದ್ಯೆ. 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ಅದು ಉಪಯೋಗಕ್ಕೆ ಬಂತು. 1930ರಲ್ಲಿ ಆಕೆಯ ಮಿಸ್ ಮಾರ್ಪಲ್ ಮೊದಲ ಬಾರಿಗೆ ಪೂರ್ತಿ ಕಾದಂಬರಿಯೊಂದರಲ್ಲಿ ಕಾಣಿಸಿಕೊಂಡಳು. ಮದುವೆಯಾಗದ, ಉಲ್ಲನ್ ಹೆಣೆಯುತ್ತಾ ಮೂಲೆಯಲ್ಲಿ ಕೂರುವ ಹಳ್ಳಿಯ ಮುದುಕಿ. ಪೊಲೀಸರು ಅವಳನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಹಾಲಿನವನ ಸುಳ್ಳು, ಕೆಲಸದವಳ ಕಣ್ಣೀರು, ನೆರೆಮನೆಯ ಮುಚ್ಚಿದ ಕಿಟಕಿ ಇವೆಲ್ಲವನ್ನೂ ಗಮನಿಸಿ ಇಟ್ಟುಕೊಂಡಿರುವವಳು ಅವಳೇ. ನಮ್ಮ ಬೀದಿಯಲ್ಲೂ ಅಂಥ ಅಜ್ಜಿ ಒಬ್ಬರು ಇರುವುದಿಲ್ಲವೇ? ಮನೆಯೊಳಗೆ ಕೂತವರ ತಿಳಿವಳಿಕೆಗೆ ಬೆಲೆ ಕೊಟ್ಟದ್ದು ಈ ಕಥೆಗಳ ದೊಡ್ಡ ಗುಣ.

ಇನ್ನೊಂದು ಸಂಗತಿ ಹೇಳುತ್ತೇನೆ, ಕೇಳಿ. 1977ರಲ್ಲಿ ಕತಾರ್ ದೇಶದಿಂದ 19 ತಿಂಗಳ ಹೆಣ್ಣುಕೂಸೊಂದನ್ನು ಲಂಡನ್ನಿನ ಆಸ್ಪತ್ರೆಗೆ ತಂದರು. ಕಾಯಿಲೆ ಏನೆಂದು ವೈದ್ಯರಿಗೆ ಹೊಳೆಯಲಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಆಗ ಕ್ರಿಸ್ಟಿಯ 'ದಿ ಪೇಲ್ ಹಾರ್ಸ್' ಓದುತ್ತಿದ್ದಳು. ಅದರಲ್ಲಿ ಥ್ಯಾಲಿಯಂ ವಿಷ ತಗುಲಿದವರ ಕೂದಲು ಉದುರುತ್ತದೆ. ಈ ಕೂಸಿಗೂ ಹಾಗೆಯೇ ಆಗುತ್ತಿದೆಯಲ್ಲ ಎಂದು ಆಕೆ ಬಾಯಿಬಿಟ್ಟು ಹೇಳಿದಳು. ಪರೀಕ್ಷೆ ಮಾಡಿಸಿದರೆ ಅದೇ ವಿಷ! ಜಿರಳೆ, ಇಲಿ ಕೊಲ್ಲಲು ಮನೆಯಲ್ಲಿ ಬಳಸಿದ ಮದ್ದಿನಿಂದ ಬಂದದ್ದು. ಚಿಕಿತ್ಸೆ ಸಿಕ್ಕಿ ಮಗು ಉಳಿಯಿತು. ವೈದ್ಯರು ತಮ್ಮ ಲೇಖನದಲ್ಲಿ ಕ್ರಿಸ್ಟಿಗೆ ಕೃತಜ್ಞತೆ ಹೇಳಿದರು. ಆ ಹೊತ್ತಿಗೆ ಆಕೆ ತೀರಿಕೊಂಡು ಒಂದು ವರ್ಷವಾಗಿತ್ತು. ಇನ್ನು ಮೇಲೆ "ಕೆಲಸಕ್ಕೆ ಬಾರದ ಪುಸ್ತಕ" ಎಂದವರಿಗೆ ನೀವು ಈ ಕಥೆ ಹೇಳಬಹುದು.

ನಿಜಕಥೆಯ ಪಕ್ಷಕ್ಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳೇ ಬಲ. "ಕಾದಂಬರಿ ಎಂದರೆ ಉತ್ತರ ಮೊದಲೇ ಬರೆದಿಟ್ಟು ಮಾಡಿದ ಲೆಕ್ಕ. ನಿಜವಾಗಿ ನಡೆದದ್ದನ್ನು ಓದಿ, ಮನುಷ್ಯರು ಹೇಗೆಂದು ಆಗ ತಿಳಿಯುತ್ತದೆ" ಎಂಬುದು ಅವಳ ಮಾತು. ನಮಗೆಲ್ಲ ಅವಳು ಓದಿಸಿದ್ದು ಕೇಟ್ ಸಮ್ಮರ್‌ಸ್ಕೇಲ್ 2008ರಲ್ಲಿ ಬರೆದ 'ದಿ ಸಸ್ಪಿಷನ್ಸ್ ಆಫ್ ಮಿಸ್ಟರ್ ವಿಚರ್'.

1860ರ ಜೂನ್ ಕೊನೆಯಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯಲ್ಲಿ ನಡೆದ ಕೊಲೆ ಅದು. ನಾಲ್ಕು ತುಂಬದ ಗಂಡುಮಗು ಸೇವಿಲ್ ಕೆಂಟ್ ಬೆಳಿಗ್ಗೆ ತೊಟ್ಟಿಲಿನಲ್ಲಿಲ್ಲ; ಹುಡುಕಿದರೆ ತೋಟದ ಶೌಚಗುಂಡಿಯಲ್ಲಿ ಹೆಣ. ಕೊಂದವರು ಮನೆಯವರೇ ಎಂಬುದು ಎಲ್ಲರಿಗೂ ಅನ್ನಿಸಿತು. ಲಂಡನ್ನಿನಿಂದ ಬಂದ ಪತ್ತೇದಾರ ವಿಚರ್ ದೋಬಿ ಲೆಕ್ಕ ನೋಡಿದ. ಮಲಮಗಳು, 16 ವರ್ಷದ ಕಾನ್‌ಸ್ಟನ್ಸ್‌ಳ ಮೂರು ರಾತ್ರಿಯುಡುಪುಗಳಲ್ಲಿ ಒಂದು ಕಾಣೆ. ಅವನಿಗೆ ಅಷ್ಟೇ ಸಾಕಾಯಿತು. ಆದರೆ ದೊಡ್ಡ ಮನೆತನದ ಹೆಣ್ಣುಮಗಳ ಮೇಲೆ ಕೂಲಿಯವರ ಮನೆಯಲ್ಲಿ ಹುಟ್ಟಿದವನು ಬೆರಳು ತೋರಿಸುವುದೆಂದರೇನು? ಪತ್ರಿಕೆಗಳು ಅವನನ್ನೇ ಹಳಿದವು, ಹುಡುಗಿ ಬಿಡುಗಡೆಯಾದಳು. 1865ರಲ್ಲಿ ಅವಳೇ ಬಂದು ತಪ್ಪೊಪ್ಪಿಕೊಂಡಳು. ಸೆರೆಮನೆಯಲ್ಲಿ 20 ವರ್ಷ ಕಳೆದು ಆಸ್ಟ್ರೇಲಿಯಾಕ್ಕೆ ಹೋಗಿ ಬೇರೆ ಹೆಸರಿನಲ್ಲಿ ನರ್ಸ್ ಆಗಿ ಬದುಕಿ, ನೂರು ತುಂಬಿದ ಮೇಲೆ 1944ರಲ್ಲಿ ಸತ್ತಳು. ಆ ಕಾಣೆಯಾದ ಉಡುಪು, ಅವಮಾನಕ್ಕೆ ಗುರಿಯಾದ ಪತ್ತೇದಾರ ಇವೆರಡೂ ವಿಲ್ಕಿ ಕಾಲಿನ್ಸನ 1868ರ 'ದಿ ಮೂನ್‌ಸ್ಟೋನ್' ಕಾದಂಬರಿಯೊಳಗೆ ಹೊಕ್ಕವು. ನೋಡಿ, ಎರಡು ಪಕ್ಷಗಳಿಗೂ ತಾಯಿಮನೆ ಒಂದೇ!

ಈ ಪುಸ್ತಕ ಮುಗಿಸಿದ ದಿನ ನಮ್ಮ ಕೂಟದಲ್ಲಿ ಎರಡು ಗಂಟೆ ಚರ್ಚೆಯಾಯಿತು. ಹುಡುಗಿ ಒಬ್ಬಳೇ ಮಾಡಿದಳೇ? ತಂದೆಗೆ ಗೊತ್ತಿತ್ತೇ? ತಮ್ಮನ ಕೈವಾಡವಿತ್ತೇ? ಎಲ್ಲ ಆದ ಮೇಲೆ, ಅದುವರೆಗೂ ಸುಮ್ಮನೆ ಹೂಬತ್ತಿ ಹೊಸೆಯುತ್ತಿದ್ದ ಎಂಬತ್ತರ ಅಜ್ಜಿ ಕೇಳಿದರು: "ಅದೆಲ್ಲ ಸರಿ ಕಣ್ರಮ್ಮಾ, ಆ ಕೂಸು ಎಂಥದಿತ್ತು? ಮಾತು ಬರ್ತಿತ್ತಾ? ಯಾರನ್ನ ಹಚ್ಚಿಕೊಂಡಿತ್ತು?"

ಅಜ್ಜಿಯ ಪ್ರಶ್ನೆಗೆ ಎರಡು ಪಕ್ಷಗಳೂ ತಣ್ಣಗಾದವು. ಕಾದಂಬರಿಯಲ್ಲಿ ಹೆಣವೆಂದರೆ ಕಥೆ ಶುರುವಾಗಲು ಬೇಕಾದ ಸಾಮಗ್ರಿ. ಅದನ್ನು ಒಪ್ಪಬಹುದು, ಅಲ್ಲಿ ನಿಜವಾಗಿ ಯಾರೂ ಸತ್ತಿಲ್ಲ. ಆದರೆ ಇತಿಹಾಸದಲ್ಲಿ ಸತ್ತವರನ್ನೂ ನಾವು ಹಾಗೆಯೇ ಬಳಸಿಕೊಂಡರೆ? ನನ್ನ ಅಭಿಪ್ರಾಯದಲ್ಲಿ ಎರಡು ಬಗೆಯ ಪುಸ್ತಕಗಳಿಗೂ ಇರುವ ನಿಜವಾದ ವ್ಯತ್ಯಾಸ ಇದೇ. ನಿಜಕಥೆ ಬರೆಯುವವರಿಗೆ ಸತ್ತವರ ಋಣವಿದೆ, ಓದುವ ನಮಗೂ ಇದೆ.

ಆ ಋಣ ತೀರಿಸಿದ ಪುಸ್ತಕ ನನಗೆ ಸಿಕ್ಕಿದ್ದು ಹ್ಯಾಲಿ ರೂಬೆನ್‌ಹೋಲ್ಡ್ 2019ರಲ್ಲಿ ಬರೆದ 'ದಿ ಫೈವ್'. 1888ರ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಲಂಡನ್ನಿನಲ್ಲಿ ಐದು ಮಂದಿ ಹೆಂಗಸರನ್ನು ಒಬ್ಬ ಕೊಂದ. ಅವನು ಯಾರೆಂದು ಇವತ್ತಿಗೂ ತಿಳಿದಿಲ್ಲ. ಆದರೂ 'ಜ್ಯಾಕ್ ದಿ ರಿಪ್ಪರ್' ಎಂಬ ಅಡ್ಡಹೆಸರು ಕೇಳದವರಿಲ್ಲ. ಅವನ ಮೇಲೆ ಬಂದ ಪುಸ್ತಕ, ಸಿನಿಮಾಗಳಿಗೆ ಲೆಕ್ಕವಿಲ್ಲ. ಆ ಐವರ ಹೆಸರೇನು ಎಂದು ಕೇಳಿದರೆ?

ಪಾಲಿ ನಿಕಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡೋಸ್, ಮೇರಿ ಜೇನ್ ಕೆಲಿ. 'ಬೀದಿಯ ಹೆಂಗಸರು' ಎಂಬ ಒಂದೇ ಮಾತಿನಲ್ಲಿ ಈ ಐವರ ಬದುಕನ್ನೂ 130 ವರ್ಷ ಮುಗಿಸಿಬಿಟ್ಟಿದ್ದರು. ರೂಬೆನ್‌ಹೋಲ್ಡ್ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, ಅವರಲ್ಲಿ ಮೂವರು ಆ ವೃತ್ತಿಯವರು ಎನ್ನಲು ಆಧಾರವೇ ಇಲ್ಲ ಎನ್ನುತ್ತಾಳೆ. ಪಾಲಿ ಕಮ್ಮಾರನ ಮಗಳು, ಐದು ಮಕ್ಕಳ ತಾಯಿ. ಸಂಸಾರ ಒಡೆದು ಬೀದಿಪಾಲಾದವಳು. ಆ್ಯನಿ ಗಾಡಿ ಹೊಡೆಯುವವನ ಹೆಂಡತಿ. ಕುಡಿತದ ಚಟ ಅವಳನ್ನು ಮುಳುಗಿಸಿತು. ಸ್ವೀಡನ್ನಿನಿಂದ ಬಂದ ಎಲಿಜಬೆತ್ ಗಂಡನ ಜೊತೆ ಕಾಫಿ ಅಂಗಡಿ ನಡೆಸಿದ್ದಳು. ಕ್ಯಾಥರೀನ್ ಸಂಗಾತಿಯ ಜೊತೆ ಊರೂರು ಸುತ್ತಿ ಲಾವಣಿ ಪುಸ್ತಕ ಮಾರಿದ್ದಳು. ಸತ್ತ ರಾತ್ರಿ ಪಾಲಿಯ ಕೈಯಲ್ಲಿ ಮಲಗಲು ಹಾಸಿಗೆ ಬಾಡಿಗೆಯ ನಾಲ್ಕು ಪೆನ್ನಿ ಇರಲಿಲ್ಲ. ಅದಿದ್ದಿದ್ದರೆ ಆ ಹೊತ್ತಿನಲ್ಲಿ ಅವಳು ಬೀದಿಯಲ್ಲೇ ಇರುತ್ತಿರಲಿಲ್ಲ. ಕೊಲೆಗಾರ ಯಾರಿರಬಹುದೆಂದು ಈ ಪುಸ್ತಕ ತಲೆಕೆಡಿಸಿಕೊಳ್ಳುವುದಿಲ್ಲ, ಕೊಂದ ಬಗೆಯನ್ನೂ ವರ್ಣಿಸುವುದಿಲ್ಲ. ಆದರೂ ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ. ಆ ವರ್ಷ ಇಂಗ್ಲೆಂಡಿನ ಬೇಲಿ ಗಿಫರ್ಡ್ ಬಹುಮಾನವೂ ಅದಕ್ಕೇ ಬಂತು.

ಇದು ಲಂಡನ್ನಿನ ಮಾತಾಯಿತು, ನಮಗೇನು ಎನ್ನುತ್ತೀರಾ? 1980ರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಬಂದ ಹೊಸತು. ನಮ್ಮ ಬೀದಿಯ ಕೊನೆಯ ಮನೆಯ ಸೊಸೆ ಸೀಮೆಎಣ್ಣೆ ಸ್ಟವ್ ಸಿಡಿದು ಸತ್ತಳು. ಹಾಗೆಂದು ಹೇಳಿದರು. ಅವಳಿಗೆ ಇಪ್ಪತ್ತೆರಡು. ಸೂಜಿ ಹಿಡಿಯದೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದನ್ನು ನನಗೆ ಹೇಳಿಕೊಟ್ಟವಳು. ಹದಿಮೂರು ದಿನ ಕಳೆಯುವುದರೊಳಗೆ ಬಾವಿಕಟ್ಟೆಯಲ್ಲಿ ಅವಳ ಮೇಲೆ ಇಲ್ಲದ ಮಾತು ಹುಟ್ಟಿತು. "ತೀರಾ ಸಿನಿಮಾ ಹುಚ್ಚಂತೆ." "ಮಾತುಮಾತಿಗೂ ತವರಿಗೆ ಓಡ್ತಿದ್ದಳಂತೆ." ಸ್ಟವ್ ಎಂಬುದು ಸೊಸೆಯಂದಿರ ಕೈಯಲ್ಲೇ ಯಾಕೆ ಸಿಡಿಯುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. 1986ರಲ್ಲಿ ವರದಕ್ಷಿಣೆ ಸಾವು ಎಂಬುದು ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಯಿತು. ಮದುವೆಯಾದ ಏಳು ವರ್ಷದೊಳಗೆ ಹೀಗೆ ಸತ್ತರೆ, ಅದಕ್ಕೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟದ್ದು ರುಜುವಾದರೆ, ಗಂಡನ ಮನೆಯವರು ಉತ್ತರ ಹೇಳಬೇಕಾಯಿತು. ನಮ್ಮ ಬೀದಿಯವಳಿಗೆ ಅದು ತಡವಾಗಿತ್ತು.

ಇನ್ನೂ ಈಚಿನದು ಬೇಕೇ? ದಕ್ಷಿಣ ಕನ್ನಡದ ಶಾಲಾ ಶಿಕ್ಷಕನೊಬ್ಬ 2009ರಲ್ಲಿ ಸಿಕ್ಕಿಬಿದ್ದ. 20 ಮಂದಿ ಹೆಣ್ಣುಮಕ್ಕಳನ್ನು ಕೊಂದ ಆರೋಪ. 2013ರಿಂದ 2020ರವರೆಗೆ ಮಂಗಳೂರಿನ ನ್ಯಾಯಾಲಯದಲ್ಲಿ ಒಂದೊಂದಾಗಿ ತೀರ್ಪು ಬಂದವು. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ನಂಬಿಸಿ ಬೇರೆ ಊರಿಗೆ ಕರೆದೊಯ್ಯುವುದು, ಮಾರನೆಯ ದಿನ ಒಡವೆ ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದಿರಲು ಮಾತ್ರೆ ಎಂದು ಸಯನೈಡ್ ಕೊಡುವುದು. ಶೌಚಾಲಯದ ಬಾಗಿಲು ಒಳಗಿನಿಂದ ಹಾಕಿಕೊಂಡು ನುಂಗಿದ ಹುಡುಗಿ ಅಲ್ಲೇ ಸಾಯುತ್ತಿದ್ದಳು. ಊರು ಬೇರೆ ಬೇರೆ, ಹೆಣ ಯಾರದೆಂದು ಗೊತ್ತಿಲ್ಲ. ಆತ್ಮಹತ್ಯೆ ಇರಬೇಕು ಎಂದು ಕಾಗದ ಮಡಿಸಿಡುತ್ತಿದ್ದರು. ಇತ್ತ "ಯಾರ ಜೊತೆಗೋ ಓಡಿಹೋದಳು" ಎಂಬ ನಾಚಿಕೆಗೆ ಬಡ ಮನೆಗಳವರು ಬಾಯಿ ಬಿಡುತ್ತಿರಲಿಲ್ಲ. ಆ ನಾಚಿಕೆಯೇ ಕೊಲೆಗಾರನಿಗೆ ವರ್ಷಗಟ್ಟಲೆ ಕಾವಲು ನಿಂತಿತು.

'ಸಯನೈಡ್ ಮೋಹನ್' ಎಂದರೆ ಇಂದು ಎಲ್ಲರಿಗೂ ಗೊತ್ತು. ಆ ಇಪ್ಪತ್ತು ಮಂದಿ? ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ; ಅವರ ಮನೆಗಳಲ್ಲಿ ಗಾಯ ಇನ್ನೂ ಹಸಿಯಾಗಿದೆ. ಆದರೆ ಅವರು ಬೀಡಿ ಕಟ್ಟಿಯೋ ಕೂಲಿ ಮಾಡಿಯೋ ಬದುಕುವಂಥ ಮನೆಗಳ ಮಕ್ಕಳು. ಅವರು ಆಸೆಪಟ್ಟದ್ದು ಸಾಲವಿಲ್ಲದ ಒಂದು ಮದುವೆಗೆ. ಅಷ್ಟನ್ನಾದರೂ ನಾವು ನೆನಪಿಟ್ಟುಕೊಳ್ಳಬಹುದಲ್ಲ?

ಹಾಗಾದರೆ ನಿಜಕಥೆ ಓದಲೇಬಾರದೇ? ಖಂಡಿತ ಓದಿ, ಆದರೆ ಸೀರೆ ಆರಿಸುವಷ್ಟಾದರೂ ಎಚ್ಚರದಿಂದ ಆರಿಸಿ. ಅಂಗಡಿಯಲ್ಲಿ ನಾಲ್ಕು ಪುಟ ತಿರುವಿ ಮೂರು ಸಂಗತಿ ನೋಡಿಕೊಳ್ಳಿ. ಸತ್ತವರು ಬದುಕಿದ್ದಾಗ ಹೇಗಿದ್ದರೆಂದು ಅದರಲ್ಲಿದೆಯೇ, ಅಥವಾ ಮೊದಲ ಸಾಲಿನಲ್ಲೇ ಹೆಣವಾಗಿ ಬರುತ್ತಾರೆಯೇ? ದಾಖಲೆಯಲ್ಲಿರುವುದು ಯಾವುದು, ಲೇಖಕರ ಊಹೆ ಯಾವುದು ಎಂಬುದನ್ನು ಬಿಡಿಸಿ ಹೇಳಿದ್ದಾರೆಯೇ? ಕೊಂದವನನ್ನು ಮಹಾ ಬುದ್ಧಿವಂತನೆಂದು ಮೆರೆಸಿದ್ದಾರೆಯೇ? ಮೆರೆಸಿದ್ದರೆ ಅಲ್ಲೇ ಇಟ್ಟು ಬನ್ನಿ. ಈ ಕೊಲೆಗಾರರಲ್ಲಿ ಬಹಳಷ್ಟು ಮಂದಿ ಬುದ್ಧಿವಂತರಲ್ಲ. ಯಾರೂ ಹುಡುಕಿಕೊಂಡು ಬರದಂಥ ಹೆಣ್ಣುಗಳನ್ನು ಆರಿಸಿಕೊಂಡವರು, ಅಷ್ಟೇ.

ಮನಸ್ಸು ಹಗುರಾಗಬೇಕಾದ ದಿನ ಕಟ್ಟುಕಥೆಯನ್ನೇ ಓದಿ, ಮಿಸ್ ಮಾರ್ಪಲ್ ಜೊತೆ ಹಾಯಾಗಿರಿ. ಅದರಲ್ಲಿ ತಪ್ಪೇನೂ ಇಲ್ಲ, ಕೊನೆಯ ಪುಟದಲ್ಲಿ ನ್ಯಾಯ ಸಿಕ್ಕೇ ಸಿಗುತ್ತದೆ. ನಿಜಜೀವನದಲ್ಲಿ ಅದು ಸಿಗಬೇಕಾದರೆ ಮೊದಲು ಯಾರಾದರೂ "ಅವಳು ಎಲ್ಲಿ ಹೋದಳು?" ಎಂದು ಕೇಳಬೇಕು. ನಿಮ್ಮ ಬೀದಿಯಲ್ಲಿ ಇದ್ದಕ್ಕಿದ್ದಂತೆ ಕಾಣದಾದ ಹೆಣ್ಣುಮಗಳ ಬಗ್ಗೆ ನಾಲ್ಕು ಜನ ನಾಲ್ಕು ಮಾತಾಡುವಾಗ, ಆ ಒಂದು ಪ್ರಶ್ನೆಯನ್ನು ನೀವು ಗಟ್ಟಿಯಾಗಿ ಕೇಳಿ. ಇಷ್ಟೆಲ್ಲ ಪತ್ತೇದಾರಿ ಪುಸ್ತಕ ಓದಿದ ನಮಗೆ ಅಷ್ಟು ಧೈರ್ಯ ಬಾರದಿದ್ದರೆ ಹೇಗೆ, ಹೇಳಿ?