ಗಾಡಿ ಗಾಜಿನ ಪಂಚಾಂಗ

ಆಳಂದ ದಾಟಿ ಮಾದನಹಿಪ್ಪರಗಾ ಕಡೆ ಹೊರಳುವಷ್ಟರಲ್ಲಿ ಕತ್ತಲಾಗಿತ್ತು. ಜೂನ್ ಎರಡನೇ ವಾರ. ಮಿರಗದ ಮಳೆ ಮಧ್ಯಾಹ್ನ ಒಂದು ತಾಸು ಹೊಡೆದು ನಿಂತಿತ್ತು. ಎರೆಹೊಲದ ಹಸಿವಾಸನೆ ಬರಲೆಂದು ಕಾರಿನ ಗಾಜು ಇಳಿಸಿದ್ದೆ. ಅದು ಮೊದಲ ತಪ್ಪು. ಒಂದು ಹುಳ ಬಂತು, ಆಮೇಲೆ ನಾಲ್ಕು, ನೋಡನೋಡುತ್ತ ಹೆಡ್‌ಲೈಟಿನ ಮುಂದೆ ಯಾರೋ ಮೊರದಿಂದ ಹೊಟ್ಟು ತೂರಿದ ಹಾಗೆ ರೆಕ್ಕೆಹುಳ. ಕಿವಿಯಲ್ಲೊಂದು, ಅಂಗಿಯೊಳಗೆ ಎರಡು. ಗಾಬರಿಯಲ್ಲಿ ವೈಪರ್ ಹಾಕಿದೆ. ಅದು ಎರಡನೆಯ ತಪ್ಪು. ಗಾಜಿಗೆಲ್ಲ ಬೆಣ್ಣೆ ಸವರಿದಂತಾಗಿ, ಎದುರು ಬಂದ ಟ್ರ್ಯಾಕ್ಟರಿನ ಒಂದು ದೀಪ ಹತ್ತಾಗಿ ಕಂಡಿತು. ಮುಂದಿನ ದಾರಿಯನ್ನು ಚಕ್ಕಡಿಯ ವೇಗದಲ್ಲೇ ಕಳೆದೆ.

ಊರಲ್ಲಿ ಎಲ್ಲ ಮನೆಗಳೂ ಕತ್ತಲು. ಕರೆಂಟು ಹೋಗಿದೆಯೇನೋ ಅಂದುಕೊಂಡೆ. ಹೋಗಿರಲಿಲ್ಲ, ಎಲ್ಲರೂ ಬೇಕೆಂದೇ ದೀಪ ಆರಿಸಿದ್ದರು. ನಮ್ಮ ಅಂಗಳದಲ್ಲಿ ಒಂದೇ ಬಲ್ಬು, ಅದರ ಕೆಳಗೆ ಪರಾತದ ತುಂಬ ನೀರು, ನೀರಿನ ಮೇಲೆ ರೆಕ್ಕೆಯ ಕೆನೆ.

"ಲೈಟ್ ಬಂದ್ ಮಾಡೋ ತಮ್ಮಾ, ಹುಳಾ ಎಲ್ಲಾ ನಿನ್ನ ಬೆನ್ನ ಹತ್ತಿ ಬಂದಾವ," ಎಂದು ಕಾಕಾ ಕತ್ತಲೊಳಗಿಂದಲೇ ಕೂಗಿದರು.

ಇವು ಒರಲಿಯ ರೆಕ್ಕೆ ಬಂದ ಮಕ್ಕಳು. ಮೈಸೂರು ಕಡೆ ಈಸಲು ಅನ್ನುತ್ತಾರೆ, ಹುರಿದು ತಿನ್ನುವವರೂ ಇದ್ದಾರೆ. ವರ್ಷವಿಡೀ ಹುತ್ತದೊಳಗೆ ಇದ್ದವು ಮೊದಲ ಮಳೆಗೆ ಮಣ್ಣು ಮೆತ್ತಗಾದ ಕೂಡಲೇ ಒಮ್ಮೆಲೇ ಹೊರಬೀಳುತ್ತವೆ. ಸ್ವಲ್ಪ ಹೊತ್ತು ಹಾರಾಟ, ಆಮೇಲೆ ನಾಲ್ಕೂ ರೆಕ್ಕೆ ಕಳಚಿ, ಜೋಡಿ ಹಿಡಿದು ಮತ್ತೆ ನೆಲದೊಳಗೆ. ಹುಳ ದೀಪಕ್ಕೆ ಮರುಳಾಗಿ ಬರುತ್ತದೆ ಎಂದು ನಾವು ಅಂದುಕೊಂಡಿದ್ದೆವು. 2024ರಲ್ಲಿ ವಿಜ್ಞಾನಿಗಳು ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದರೆ ಕಥೆಯೇ ಬೇರೆ. ರಾತ್ರಿ ಆಕಾಶವೇ ಹೆಚ್ಚು ಬೆಳಕಿನ ಕಡೆ. ಅತ್ತ ಬೆನ್ನು ತಿರುಗಿಸಿ ಹಾರುವುದು ಅನೇಕ ಹುಳಗಳಿಗೆ ರೂಢಿ. ನಡುವೆ ಬಲ್ಬು ಬಂದರೆ ಅದನ್ನೇ ಆಕಾಶ ಎಂದು ತಿಳಿದು ಬೆನ್ನು ಕೊಟ್ಟು ಸುತ್ತುತ್ತಲೇ ಇರುತ್ತವೆ. ಇದನ್ನು ಹೇಳಿದಾಗ ಕಾಕಾ, "ಹಂಗಾರ ಪ್ರೀತಿ ಅಲ್ಲ, ದಾರಿ ತಪ್ಪಿದ್ದು," ಅಂದು ಪರಾತ ಎತ್ತಿಟ್ಟರು.

ಮುಂಜಾನೆ ನೋಡಿದರೆ ಕಾರಿನ ಮುಖ ಗುರುತು ಸಿಗುತ್ತಿರಲಿಲ್ಲ. ಬಾನೆಟ್ಟಿನ ಬಿಸಿಗೆ ಹುಳ ಬೆಂದು, ಒಣಗಿ, ಬಿಳಿ ಬಣ್ಣದ ಮೇಲೆ ಹಳದಿ ಚಿಟಿಕೆ. ಹುಳದ ರಕ್ತ ಸಾಮಾನ್ಯವಾಗಿ ಕೆಂಪಲ್ಲ, ಹಳದಿ ಹಸಿರಿನ ನಡುವಿನದು. ಒಣಗಿದರೆ ಗೋಂದಿನಂತೆ ಕಚ್ಚುತ್ತದೆ, ಬಿಸಿಲಿಗೆ ಬಿಟ್ಟರೆ ಬಣ್ಣವನ್ನೂ ತಿನ್ನುತ್ತದೆ. ಮುಂದಿನ ಜಾಳಿಗೆಯಲ್ಲಿ ರೆಕ್ಕೆ ತುಂಬಿ ಗಾಳಿಯೂ ಹೋಗದ ಹಾಗಾಗಿತ್ತು. ನಾನು ಒಣ ಬಟ್ಟೆ ತಗೊಂಡು ಉಜ್ಜಲು ಹೋದೆ. ಕಾಕಾ ಕೈ ಹಿಡಿದರು.

"ರೊಟ್ಟಿ ಹಂಚಿಗಿ ಹತ್ತಿದ ಹಿಟ್ಟ ಒಣಾನ ತಿಕ್ಕತಾರೇನು? ನೆನಿಲಿ ಬಿಡು."

ತಮ್ಮ ಹಳೆ ಧೋತರ ಹರಿದು ಬಕೆಟ್ಟಿನ ಸೋಪು ನೀರಲ್ಲಿ ಅದ್ದಿ ಗಾಜಿನ ಮೇಲೆ, ಬಾನೆಟ್ಟಿನ ಮೇಲೆ ಹೊದಿಸಿದರು. ಜ್ವರ ಬಂದವರ ಹಣೆಗೆ ಪಟ್ಟಿ ಹಾಕಿದಂತೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಮೇಲಿನಿಂದ ಕೆಳಗೆ ಒಮ್ಮೆ ಎಳೆದರು. ಎಲ್ಲ ಹೋಯಿತು. ಪೇಟೆಯಲ್ಲಿ ಇದೇ ಕೆಲಸಕ್ಕೆ ಬಣ್ಣಬಣ್ಣದ ಬಾಟಲಿ ಮಾರುತ್ತಾರೆ. ನಾನೂ ಒಂದು ಕೊಂಡು ಡಿಕ್ಕಿಯಲ್ಲಿಟ್ಟಿದ್ದೆ, ಮುಚ್ಚಳ ಸಡಿಲಾಗಿ ಅರ್ಧ ಅಲ್ಲೇ ಸೋರಿಹೋಗಿತ್ತು.

ಕಾಕಾಗೆ ಗಾಡಿ ಓಡಿಸಲು ಬರುವುದಿಲ್ಲ. ಗಾಜು ಓದಲು ಬರುತ್ತದೆ. ಕಳೆದ ಸಲ ದೀಪಾವಳಿಯ ನಂತರ ಹೋಗಿದ್ದೆ. ಆಗ ಗಾಜಿಗೆ ಹೊಡೆದದ್ದು ಒರಲಿ ಅಲ್ಲ, ಪತಂಗ. ಬೆರಳ ತುದಿಯಿಂದ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದರು. ಗೋಧಿ ಬಣ್ಣ, ಮುಂದಿನ ರೆಕ್ಕೆಯ ಮೇಲೆ ಅವರೆಕಾಳಿನ ಆಕಾರದ ಕಂದು ಚುಕ್ಕೆ. "ಎಲ್ಲಿಂದ ಹಿಡಕೊಂಡು ಬಿದ್ದಾವ? ನಿಂಬರಗಾದಿಂದಲೋ, ನಮ್ಮ ಹೊಲದ ಹತ್ತರಾನೋ?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ, ಬೈಸಿಕೊಂಡೆ.

ಅದು ಕಾಯಿಕೊರಕ, ಹೆಲಿಕೋವರ್ಪಾ. ತೊಗರಿ ಹೂವಿಗೆ ಬಂದಾಗ ಒಂದೊಂದು ಹೆಣ್ಣು ನೂರಾರು ಮೊಟ್ಟೆ, ಒಂದೊಂದನ್ನೂ ಬೇರೆ ಬೇರೆ ಕಡೆ ಇಡುತ್ತದೆ. ಕೆಲವೇ ದಿನಗಳಲ್ಲಿ ಮರಿ. ಮೊದಲು ಮೊಗ್ಗು, ಆಮೇಲೆ ಕಾಯಿಗೆ ತೂತು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಹುಳಕ್ಕೆ ಆ ತೊಗರಿಯ ರುಚಿ ಮೊದಲೇ ಗೊತ್ತಿತ್ತು. ಕೃಷಿ ಇಲಾಖೆಯವರು ಹೊಲದಲ್ಲಿ ಮೋಹಕ ಬಲೆ ಕಟ್ಟಿ ಬಿದ್ದ ಪತಂಗ ಎಣಿಸಿ ಎಂದು ಹೇಳುತ್ತಾರೆ. ಅದರಲ್ಲಿ ಬೀಳುವುದು ಗಂಡು ಮಾತ್ರ. ನನ್ನ ಕಾರಿನ ಗಾಜಿಗೆ ಆ ಭೇದವಿಲ್ಲ.

ಅವತ್ತು ಧೋತರ ಹೊದಿಸಲಿಲ್ಲ. ತಾಡಪತ್ರಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ನಡೆದರು, ಹಿಂದೆ ನಾನು. ಗಿಡದ ಬುಡಕ್ಕೆ ಅದನ್ನು ಹಾಸಿ ಅಲುಗಿಸಿದರೆ ಕೀಡಿ ಪಟಪಟ ಉದುರಬೇಕು. ಅವತ್ತು ಹತ್ತಾರು ಉದುರಿದವು, ಕೆಲವು ಹಸಿರು, ಕೆಲವು ಕಂದು. ಮಿಕ್ಕವು ಬರಲಿಕ್ಕಿವೆ ಎಂದರು.

  

ನಮ್ಮ ಗಾಜಿನ ತುಂಬ ಹುಳ, ಎಲ್ಲ ಕಡೆ ಹಾಗಿಲ್ಲ. ಡೆನ್ಮಾರ್ಕಿನಲ್ಲಿ ಒಬ್ಬ ವಿಜ್ಞಾನಿ 1997ರಿಂದ 2017ರವರೆಗೆ ಅದೇ ರಸ್ತೆಗಳಲ್ಲಿ ಕಾರು ಓಡಿಸಿ ಗಾಜಿಗೆ ಬಿದ್ದ ಹುಳ ಎಣಿಸಿದರಂತೆ. ಒಂದು ರಸ್ತೆಯಲ್ಲಿ ಶೇ. 80, ಇನ್ನೊಂದರಲ್ಲಿ ಶೇ. 97ರಷ್ಟು ಕಡಿಮೆಯಾಗಿತ್ತು. ಅಲ್ಲಿ ಒರೆಸುವ ಕೆಲಸವೇ ಉಳಿದಿಲ್ಲ. ಇದನ್ನು ಕಾಕಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಕ್ಕಿ ಏನ ತಿಂತಾವ ಅಲ್ಲಿ?" ಅಂದರು. ಅದೇ ಅಧ್ಯಯನ ಹಕ್ಕಿಗಳನ್ನೂ ಎಣಿಸಿತ್ತು. ಹುಳ ತಿನ್ನುವ ಕವಲುಬಾಲದ ಹಕ್ಕಿಗಳೂ ಕಡಿಮೆಯಾಗಿದ್ದವು.

ಮಿರಗದ ಸುಮಾರಿಗೆ ನಮ್ಮ ಕಡೆ ಬರುವವರು ಡಿಕ್ಕಿಯಲ್ಲಿ ಎರಡು ಬಾಟಲಿ ನೀರು, ಒಂದು ಹಳೆ ಧೋತರ ಇಟ್ಟುಕೊಂಡು ಬನ್ನಿ. ಹುಳ ಬಿದ್ದರೆ ಪಕ್ಕಕ್ಕೆ ನಿಲ್ಲಿಸಿ, ದೀಪ ಆರಿಸಿ, ಹತ್ತು ನಿಮಿಷ ನೆನೆಯಲು ಬಿಡಿ. ವೈಪರ್ ಮಾತ್ರ ಹಾಕಬೇಡಿ.