ಪತ್ರಾಸಿನ ಕೆಳಗೆ ಮಧ್ಯಾಹ್ನ ಎರಡು ಗಂಟೆ

ಶಟರ್ ಎತ್ತುವ ಮೊದಲು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಳ್ಳಿ. ಬರಿಗೈಲಿ ಮುಟ್ಟುವ ಹಾಗಿಲ್ಲ. ಸವಣೂರು, ಏಪ್ರಿಲ್, ಮಧ್ಯಾಹ್ನ ಎರಡು. ಹೊರಗೆ 38 ಡಿಗ್ರಿ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಹಳೆಯ ಡೀಸೆಲ್ಲಿನ ವಾಸನೆ, ಆಮೇಲೆ ನೆತ್ತಿಯ ಮೇಲೆ ಯಾರೋ ಅಂಗೈ ಒತ್ತಿ ಹಿಡಿದಂತೆ ಶಾಖ. ಬಾಚಿಯ ಹಿಡಿ ಬೆಚ್ಚಗಿದೆ. ಫೆವಿಕಾಲ್ ಡಬ್ಬಿಯ ಬಾಯಲ್ಲಿ ಕೆನೆ ಕಟ್ಟಿದೆ. ಮೊನ್ನೆ ತಂದ ತೇಗದ ಹಲಗೆ ತುದಿಯಲ್ಲಿ ಸೀಳು ಬಿಟ್ಟಿದೆ.

ಹಿತ್ತಲಲ್ಲಿ ಮನೆಯಿಂದ ದೂರ ನಿಂತ ಈ ಶೆಡ್ಡು ಟ್ರ್ಯಾಕ್ಟರಿಗೆಂದು ಕಟ್ಟಿಸಿದ್ದು: 12 ಅಡಿ ಅಗಲ, 18 ಅಡಿ ಉದ್ದ, ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ನೀಲಿ ಪತ್ರಾಸು. ಟ್ರ್ಯಾಕ್ಟರ್ ಮಾರಿದ ಮೇಲೆ ಖಾಲಿ ಬಿದ್ದಿತ್ತು. ನಿವೃತ್ತಿಯಾದ ನನಗೆ ಮರಗೆಲಸದ ಹುಚ್ಚು. ಹೋದ ಬೇಸಿಗೆಯಲ್ಲಿ ಇಲ್ಲಿ ಒಂದು ಸ್ಟೂಲು ಮಾಡಲು ಹೋಗಿ, ಎರಡೇ ಕಾಲು ಮುಗಿಸಿ ಓಡಿಬಂದಿದ್ದೆ.

ನಮ್ಮ ಓಣಿಯ ಬಡಿಗ ಕಾಕಾ ಬಾಗಿಲಲ್ಲೇ ನಿಂತಿದ್ದಾರೆ. ಮೋಟಾರ್ ರಿವೈಂಡಿಂಗ್ ಮಾಡುವ ಗೆಳೆಯನಿಂದ ಶಾಖ ಅಳೆಯುವ ಗನ್ ಎರವಲು ತಂದಿದ್ದೇನೆ. ನೆಲಕ್ಕೆ ಹಿಡಿದೆ: 35. ಗೋಡೆಗೆ: 41. ತಲೆಯ ಮೇಲಿನ ತಗಡಿಗೆ: 61.

"ಗ್ವಾಡಿ ಅಲ್ಲ ತಮ್ಮಾ, ಮ್ಯಾಲಿಂದ ಸುಡಾಕತ್ತೈತಿ," ಎಂದರು ಕಾಕಾ.

ರೊಟ್ಟಿ ಬಡಿಯುವವರ ಪಕ್ಕ ಕೂತವರಿಗೆ ಇದು ಗೊತ್ತು. ಹಂಚು ಕಾದಾಗ ಅಡುಗೆಮನೆಯ ಗಾಳಿಗಿಂತ ಮೊದಲು ಮುಖ ಕಾಯುತ್ತದೆ. ಆ ಹಂಚನ್ನೇ ಬೋರಲು ಹಾಕಿ ಅದರಡಿ ಕೂತಂತೆ ಈ ಶೆಡ್ಡು. ಫ್ಯಾನ್ ಹಾಕಿದರೆ ಬಿಸಿಗಾಳಿ ತಿರುಗುತ್ತದೆ, ಅಷ್ಟೆ. ತಗಡು ನೆತ್ತಿಗೆ ಎರಚುವ ಶಾಖ ನಿಲ್ಲುವುದಿಲ್ಲ.

"ಕೂಲರ್ ತಂದೀನ್ರಿ ಕಾಕಾ, ಹಚ್ಚೋಣೇನು?" ಎಂದೆ.

"ಅದು ಕಡೀಕ. ಮೊದಲ ತ್ವಾಟಕ್ಕ ಹೋಗಿ ಬರೂಣ ನಡಿ."

ಬೈಕಿನಲ್ಲಿ ಹತ್ತು ನಿಮಿಷ. ಎಲೆಬಳ್ಳಿ ತೋಟಕ್ಕೆ ಬಗ್ಗಿಕೊಂಡು ಹೋಗಬೇಕು. ಒಳಗೆ ಹೋದ ತಕ್ಷಣ ಕಣ್ಣಿಗೆ ಕತ್ತಲು, ಮೈಗೆ ತಂಪು. ಸವಣೂರಿನ ಎಲೆ ಹೆಸರುವಾಸಿಯಾದದ್ದು ಇಂಥ ನೆರಳಿನಲ್ಲೇ. ಬಳ್ಳಿ ಹಬ್ಬಿಸಲು ನೆಟ್ಟ ಚೊಗಚಿ, ನುಗ್ಗೆ ಗಿಡಗಳು ಮೇಲೆ ಮುಚ್ಚಿಗೆಯಾಗಿವೆ, ಕಾಲುವೆಯಲ್ಲಿ ನೀರು, ಕೆಳಗೆ ಹಸಿ ಮಣ್ಣು. ಬಿಸಿಲು ಆಳೆತ್ತರದಾಚೆ, ಎಲೆಗಳ ಮೇಲೆಯೇ ನಿಂತುಬಿಡುತ್ತದೆ. ಎಲೆ ಎಲೆಗಳ ನಡುವೆ ಸಂದು ಇರುವುದರಿಂದ ಧಗೆ ಮೇಲೆ ಹೋಗುತ್ತದೆ. ಕಾಕಾ ಒಂದು ಎಲೆ ಕಿತ್ತು, ತೊಟ್ಟು ಮುರಿದು, ಸುಣ್ಣ ಹಚ್ಚುತ್ತ ಹೇಳಿದರು: "ಬಿಸಿಲು ತಗಡ ಮುಟ್ಟಬಾರದು. ಮುಟ್ಟಿದ ಮ್ಯಾಲೆ ನೀ ಏನ ಮಾಡಿದ್ರೂ ಹಿಂದ ಬಿದ್ದಂಗ." ನಾನು ಓದಿದ ಎಷ್ಟೋ ಪುಟಗಳಿಗಿಂತ ಈ ಮಾತು ಚೊಕ್ಕ.

(ಬರುವಾಗ ಕಲ್ಮಠದ ದೊಡ್ಡ ಹುಣಸೆ ಎಂಬ ಬಾವೊಬಾಬ್ ಮರಗಳನ್ನು ನೋಡಿದೆವು. ಆಫ್ರಿಕಾ ಮೂಲದ ಈ ಮರಗಳ ಬುಡ ಮನೆಯಷ್ಟು ದಪ್ಪ, ಒಳಗೆಲ್ಲ ನೀರು ಹಿಡಿದಿಟ್ಟುಕೊಳ್ಳುವ ಮೆದು ಕಟ್ಟಿಗೆ. ಆದರೆ ಒಣಹವೆಯಲ್ಲಿ ಎಲೆ ಉದುರಿಸುವ ಜಾತಿ. ನೆರಳು ಬೇಕಾದಾಗಲೇ ಕೈಕೊಡುವ ಮರ!)

ಮರುದಿನ ಬೆಳಿಗ್ಗೆ ಆರಕ್ಕೇ ಏಣಿ ಹತ್ತಿದೆವು. ಎಂಟರ ಮೇಲೆ ತಗಡಿನ ಮೇಲೆ ಕಾಲಿಡಲಾಗದು. ಸುಣ್ಣಕ್ಕೆ ಒಂದಿಷ್ಟು ಫೆವಿಕಾಲ್ ಕಲಸಿ ಎರಡು ಕೋಟು. ನಮ್ಮದು ಬಣ್ಣದ ತಗಡು, ಚಿಂತೆಯಿಲ್ಲ; ಬರಿ ಸತುವಿನ ತಗಡಾಗಿದ್ದರೆ ಹಸಿ ಸುಣ್ಣ ಸತುವನ್ನೇ ತಿನ್ನುತ್ತದೆ, ಅದಕ್ಕೆ ಬಿಳಿ ಪೇಂಟೇ ಸರಿ. ಮಧ್ಯಾಹ್ನ ಗನ್ ಹಿಡಿದರೆ 47. ಒಂದು ಬಕೆಟ್ ಸುಣ್ಣಕ್ಕೆ 14 ಡಿಗ್ರಿ ಇಳಿದಿದೆ. ಅಕ್ಕ ಚಹಾದ ಜೊತೆ ಸವಣೂರ ಖಾರಾ ತಟ್ಟೆ ತಂದು, ಶೆಡ್ಡಿನೊಳಗೇ ನಿಂತು ಕೊಟ್ಟಳು. ನಿನ್ನೆವರೆಗೆ ಬಾಗಿಲಿಂದಲೇ ಕೊಟ್ಟು ಹೋಗುತ್ತಿದ್ದಳು.

ತಗಡಿಗೆ ನೆರಳು ಮಾಡಲು ಹಾನಗಲ್ ಕಡೆಯಿಂದ ಬಿದಿರ ತಟ್ಟಿ ಬಂತು. ತರಲು ಹೋದಾಗ ಕಂಡದ್ದು ಹೆಂಚಿನ ಮನೆಗಳ ಸಾಲು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಹಬ್ಬಿದ ಹೆಂಚು, ಮಲೆನಾಡಿನ ಸೆರಗಾದ ಹಾನಗಲ್ಲಿಗೆ ಹೇಳಿ ಮಾಡಿಸಿದಂತಿದೆ: ಮಳೆ ಜಾರಿಸುತ್ತದೆ, ಸಂದುಗಳಿಂದ ಧಗೆಯನ್ನೂ ಬಿಡುತ್ತದೆ. ನನ್ನ ಶೆಡ್ಡಿನ ಸಪೂರ ಕಬ್ಬಿಣಕ್ಕೆ ಹೆಂಚಿನ ಭಾರ ತಾಳದು ಎಂದು ಕಾಕಾ ಬೇಡ ಅಂದರು. ತಟ್ಟಿಯನ್ನು ತಗಡಿನಿಂದ ಒಂದಡಿ ಮೇಲೆ, ಪೈಪಿನ ಚೌಕಟ್ಟಿನಲ್ಲಿ ನಿಲ್ಲಿಸಿದೆವು. ಪೈಪು ಗೋಡೆಗೆ ಬಿಗಿದದ್ದು. ತಗಡಿಗೆ ಒಂದೇ ಒಂದು ಹೊಸ ತೂತು ಕೊರೆಯಲಿಲ್ಲ. ಇವತ್ತು ಕೊರೆದ ತೂತು ಜುಲೈನಲ್ಲಿ ಸೋರುತ್ತದೆ. ಮುಂಗಾರಿನ ಗಾಳಿ ಶುರುವಾಗುವ ಮೊದಲು ತಟ್ಟಿ ಬಿಚ್ಚಿಡಬೇಕು, ಇಲ್ಲವಾದರೆ ಪಕ್ಕದ ಹೊಲದಲ್ಲಿ ಹುಡುಕಬೇಕಾದೀತು.

ತಗಡು ಈಗ 41.

ಇನ್ನು ಗಾಳಿಗೆ ದಾರಿ. ಗೋಡೆಗೂ ತಗಡಿಗೂ ನಡುವಿನ ಸಂದನ್ನು ಹಾವು, ಹೆಗ್ಗಣ ಬರುತ್ತವೆಂದು ಗೌಂಡಿ ಸಿಮೆಂಟಿನಲ್ಲಿ ಗಿಡಿದಿದ್ದ. ಸುತ್ತಿಗೆ, ಚಾಣ ಹಿಡಿದು ಎತ್ತರದ ಬದಿಯಲ್ಲಿ ಉದ್ದಕ್ಕೂ ಆರು ಇಂಚು ಒಡೆಯಿರಿ. ಮೊದಲ ತುಂಡು ಬಿದ್ದ ಕೂಡಲೇ ಆ ಕಿಂಡಿಗೆ ಕೈ ಒಡ್ಡಿ ನೋಡಿ: ಬಿಸಿಗಾಳಿ ಒಲೆಯ ಬಾಯಿಂದ ಬಂದಂತೆ ಹೊರಗೆ ನುಗ್ಗುತ್ತದೆ. ಇಷ್ಟು ದಿನ ಅದು ಅಲ್ಲೇ ಸಿಕ್ಕಿಬಿದ್ದಿತ್ತು. ಜಾಳಿಗೆ ಬಡಿದೆವು. ಉತ್ತರದ ಗೋಡೆಯಲ್ಲಿ, ನೆಲದಿಂದ ಎರಡಡಿ ಮೇಲೆ, ಬೇವಿನ ನೆರಳಿನ ಬದಿಗೆ ಒಂದು ಕಿಟಕಿ.

ಒಳಮುಚ್ಚಿಗೆಗೆ ಥರ್ಮಾಕೋಲ್ ಅಂದುಕೊಂಡಿದ್ದೆ. ಶಿಗ್ಗಾವಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಬದಿಯ ಗುಜರಿಯಲ್ಲಿ ಹಳೆಯ ಹಾಲಿನ ಗಾಡಿಯ ಪಫ್ ಪ್ಯಾನೆಲ್ ಸಿಕ್ಕವು: ಎರಡು ಇಂಚು ದಪ್ಪ, ಎರಡೂ ಕಡೆ ತೆಳು ತಗಡು, ನಡುವೆ ಹಳದಿ ನೊರೆ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಗೋಡೆಗಳಲ್ಲೂ ಇಂಥದೇ ನೊರೆಯೋ ಥರ್ಮಾಕೋಲೋ ಕೆಲಸ ಮಾಡುವುದು. ಅವುಗಳೊಳಗಿನ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕ ಅನಿಲ ಅಲುಗದು, ಅಲುಗದ ಅನಿಲ ಶಾಖವನ್ನು ಅಷ್ಟಾಗಿ ದಾಟಿಸದು. ಆದರೆ ಎರಡಕ್ಕೂ ಬೆಂಕಿ ಎಂದರೆ ಆಗದು. ವೆಲ್ಡಿಂಗಿನ ಒಂದು ಕಿಡಿ ಸಾಕು, ಹೊಗೆಯೇ ಮನುಷ್ಯನನ್ನು ಕೆಡವುತ್ತದೆ. ಆದ್ದರಿಂದ ವೆಲ್ಡಿಂಗ್ ಯಂತ್ರ ಬೇವಿನ ಕೆಳಗೆ, ಹೊರಗೆ. ಈ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ. ಪ್ಯಾನೆಲ್ಲಿಗೂ ತಗಡಿಗೂ ನಡುವೆ ಒಂದು ಗೇಣು ಬಿಟ್ಟು ಕೂರಿಸಿದೆವು. ಆ ಗೇಣಿನ ಧಗೆಯೂ ಮೇಲಿನ ಕಿಂಡಿಯಿಂದಲೇ ಹೊರಗೆ.

ಕೂಲರ್ ವಿಚಾರಕ್ಕೆ ಹಿರೇಕೆರೂರಿನ ಗೆಳೆಯನ ಕಥೆ ಹೇಳಬೇಕು. ಗೋವಿನಜೋಳದ ಹೊಲದ ನಡುವೆ ಅವನ ಲೇತ್ ಶೆಡ್ಡು. ತಂಪು ಹೊರಗೆ ಹೋಗಬಾರದೆಂದು ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಒಳಗೆ ಕೂಲರ್ ಹಚ್ಚಿದ. ಮೊದಲರ್ಧ ಗಂಟೆ ಸ್ವರ್ಗ, ಆಮೇಲೆ ಇಡ್ಲಿ ಪಾತ್ರೆ. ಮಳೆ ಹಿಡಿದ ಮೇಲೂ ಹಚ್ಚಿದ; ಕಬ್ಬಿಣದ ಸಾಮಾನೆಲ್ಲ ತುಕ್ಕು. ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಒಣಗಾಳಿ ಬಂದಷ್ಟೂ ತಂಪು, ತೇವಗೊಂಡ ಗಾಳಿ ಹೊರಗೆ ಹೋಗಲೇಬೇಕು. ಹಾಗಾಗಿ ನಮ್ಮದು ಉತ್ತರದ ಕಿಟಕಿಯಲ್ಲಿ, ಬೆನ್ನು ಹೊರಗೆ, ಮುಖ ಒಳಗೆ. ಜೂನ್ ಬಂದರೆ ಅದಕ್ಕೆ ರಜೆ.

ಇವತ್ತು ಎಂಟನೇ ದಿನ, ಮತ್ತೆ ಎರಡು ಗಂಟೆ. ಹೊರಗೆ 39. ತಲೆಯ ಮೇಲಿನ ಪ್ಯಾನೆಲ್ 36. ಕೂಲರಿನ ಬಾಯಲ್ಲಿ 28. ಕಾಕಾ ಹೋದ ವರ್ಷದ ಸ್ಟೂಲಿನ ಮೂರನೇ ಕಾಲಿಗೆ ಹತ್ತರಿ ಹೊಡೆಯುತ್ತಿದ್ದಾರೆ. ತೇಗದ ಹೊಪ್ಪಳಿಕೆ ಸುರುಳಿ ಸುರುಳಿಯಾಗಿ ಅವರ ಪಾದದ ಮೇಲೆ ಬೀಳುತ್ತಿದೆ. ಎರಡೂವರೆಗೆ ಎಂದಿನಂತೆ ಕರೆಂಟ್ ಹೋಯಿತು. ಕೂಲರ್ ಕುಂಟುತ್ತ ನಿಂತಿತು. ನಾನು ಅಭ್ಯಾಸಬಲದಿಂದ ಎದ್ದು ಬಾಗಿಲ ಕಡೆ ಹೊರಟೆ.

"ಎಲ್ಲಿಗೆ ಹೊಂಟಿ? ನಾಕನೇ ಕಾಲು ಹಿಡಿ ಬಾ," ಎಂದರು ಕಾಕಾ, ತಲೆ ಎತ್ತದೆ.